ಅದ್ಭುತಕಾರ್ಯಗಳೂ ಅವುಗಳ ಸಾಕ್ಷಿಯೂ

ನಮ್ಮ ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಕ್ರಿಸ್ತನ ಹೆಸರನ್ನು ಧರಿಸಿದ ಮನೆಗಳು ಸ್ವಲ್ಪವೇ. ಅವುಗಳ ಸುತ್ತಲೂ ಮಹಿಮೆಯ ಕಥೆಗಳು ಬಹಳ. ಪಟ್ಟಣದ ಒಂದು ಕಡೆಯಲ್ಲಿ ಶರಣಬಸವೇಶ್ವರರ ಗುಡಿಯುಂಟು. 1822ರಲ್ಲಿ ತೀರಿಕೊಂಡ ಆ ಶರಣರು ಹಸಿದವರಿಗೆ ಅನ್ನವಿಕ್ಕಿದ ದಾಸೋಹದಿಂದ ಹೆಸರಾದವರು. ಅವರ ಪವಾಡಗಳನ್ನು ಜನರು ಇಂದಿಗೂ ಹೇಳಿಕೊಳ್ಳುತ್ತಾರೆ. ಇನ್ನೊಂದು ಕಡೆಯಲ್ಲಿ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ದರ್ಗಾ ಉಂಟು. ಅಲ್ಲಿಯೂ ಹರಕೆ ಹೊತ್ತವರು, ಗುಣವಾದೆವೆನ್ನುವವರು ಸಾವಿರಾರು. ಇವೆರಡರ ನಡುವೆ ನಮ್ಮ ಚಿಕ್ಕ ದೇವಾಲಯಗಳಲ್ಲಿ ನಾವು ಭಾನುವಾರದಂದು ಸುವಾರ್ತೆಯನ್ನು ಓದುತ್ತೇವೆ: ಕುರುಡನು ಕಣ್ಣು ಪಡೆದನು, ಕುಷ್ಠರೋಗಿಯು ಶುದ್ಧನಾದನು, ನಾಲ್ಕು ದಿನ ಗವಿಯಲ್ಲಿದ್ದ ಲಾಜರನು ಎದ್ದು ಬಂದನು.

ಹೀಗಿರಲಾಗಿ ಹೊಲದ ಬದುವಿನ ಮೇಲೆ ಕೂತಿರುವಾಗ ನೆರೆಯವನು ನಮ್ಮವರನ್ನು ಕೇಳುವದುಂಟು: "ಅಣ್ಣಾ, ನಿಮ್ಮ ಯೇಸು ಸ್ವಾಮಿ ನೀರಿನ ಮೇಲೆ ನಡೆದರೆಂಬದನ್ನು ನೀವು ನಂಬುತ್ತೀರಿ. ನಮ್ಮ ಶರಣರ ಪವಾಡವನ್ನು ಹೇಳಿದರೆ ಮಾತ್ರ ಕಟ್ಟುಕಥೆ ಎನ್ನುತ್ತೀರಿ. ಇದು ಯಾವ ನ್ಯಾಯ?"

ಈ ಪ್ರಶ್ನೆಯಲ್ಲಿ ಕುಚೋದ್ಯವಿಲ್ಲ. ಇದು ನ್ಯಾಯವಾದ ಪ್ರಶ್ನೆ. ನಮ್ಮವರಲ್ಲಿ ಕೆಲವರು, ನಮ್ಮದು ಸತ್ಯವೇದದಲ್ಲಿ ಬರೆದದೆ, ನಿಮ್ಮದು ಬರೀ ಬಾಯಿಮಾತು ಎಂದು ಹೇಳಿ ಎದ್ದು ಹೋಗುತ್ತಾರೆ. ನೆರೆಯವನ ಬಳಿಯಲ್ಲಿಯೂ ಪುರಾಣವುಂಟಲ್ಲಾ! ಇನ್ನು ಕೆಲವರು, ಮುಖ್ಯವಾಗಿ ಪಟ್ಟಣದ ಕಾಲೇಜಿನಲ್ಲಿ ಓದಿ ಬಂದ ನಮ್ಮ ಹುಡುಗರು, ಎಲ್ಲಾ ಮತಗಳ ಅದ್ಭುತಗಳೂ ಒಂದೇ ತರದ ಕಥೆಗಳು, ನೀತಿಯನ್ನು ಇಟ್ಟುಕೊಂಡು ಮಿಕ್ಕದ್ದನ್ನು ಬಿಟ್ಟರಾಯಿತು ಅನ್ನುತ್ತಾರೆ. ಮೊದಲನೆಯ ಉತ್ತರದಲ್ಲಿ ನ್ಯಾಯವಿಲ್ಲ. ಎರಡನೆಯದರಲ್ಲಿ ಕ್ರಿಸ್ತನ ಪುನರುತ್ಥಾನವೇ ಉಳಿಯುವದಿಲ್ಲ.

ಮೋಶೆಯ ಧರ್ಮಶಾಸ್ತ್ರದಲ್ಲಿ ಒಂದು ಆಜ್ಞೆಯುಂಟು (ಧರ್ಮೋಪದೇಶಕಾಂಡ 25ನೇ ಅಧ್ಯಾಯ). ಮನೆಯಲ್ಲಿ ದೊಡ್ಡದೊಂದು ಚಿಕ್ಕದೊಂದು ಹೀಗೆ ಎರಡು ಅಳತೆಗಳನ್ನು ಇಟ್ಟುಕೊಳ್ಳಬಾರದೆಂದು ಅದರ ತಾತ್ಪರ್ಯ. ತೊಗರಿ ಬೆಳೆಯುವ ನಮ್ಮ ರೈತರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳ್ಳುವಾಗ ಒಂದು ಸೇರು, ಮಾರುವಾಗ ಇನ್ನೊಂದು ಸೇರು ಇಟ್ಟ ವ್ಯಾಪಾರಿಯನ್ನು ಅವರು ಬಲ್ಲರು. ನೆರೆಯವನ ಪವಾಡವನ್ನು ಅಳೆಯುವ ಸೇರಿನಿಂದಲೇ ನಮ್ಮ ಅದ್ಭುತವನ್ನೂ ಅಳೆಯಬೇಕೆಂಬದು ನಮ್ಮ ಅಭಿಪ್ರಾಯ. ಆದರೆ ಹಾಗೆ ಅಳೆದ ಮೇಲೆ ನಮ್ಮ ಕಣಜದಲ್ಲಿ ಏನು ಉಳಿಯುವದು? ಇದನ್ನು ಭಯಪಡದೆ ನೋಡೋಣ.

ಮೊದಲು ಮಾತಿನ ವಿಷಯ. ನಮ್ಮ ನಾಡಿನವರು ಪವಾಡ ಅನ್ನುವದನ್ನು ನಮ್ಮ ಕನ್ನಡ ಸತ್ಯವೇದವು ಅನೇಕ ಕಡೆಗಳಲ್ಲಿ, ವಿಶೇಷವಾಗಿ ಯೋಹಾನನ ಸುವಾರ್ತೆಯಲ್ಲಿ, ಸೂಚಕಕಾರ್ಯ ಅನ್ನುತ್ತದೆ. ಗ್ರೀಕ್ ಮೂಲದಲ್ಲಿರುವ ಶಬ್ದದ ಅರ್ಥ ಗುರುತು ಎಂಬದು. ಪವಾಡವೆಂದರೆ ಮಹಾತ್ಮನ ಶಕ್ತಿ ಎಷ್ಟೆಂದು ತೋರಿಸುವದು. ಸೂಚನೆಯೆಂದರೆ ತನ್ನಾಚೆಗೆ ಇನ್ನೊಂದರ ಕಡೆಗೆ ಬೆರಳು ತೋರಿಸುವದು. ಈ ಭೇದವು ಭಾಷಾಂತರ ಮಾಡಿದವರ ಚಮತ್ಕಾರವಲ್ಲ, ಸುವಾರ್ತೆಯ ಒಡಲಿನಲ್ಲಿಯೇ ಇದೆ. ಅಡವಿಯಲ್ಲಿ ಹಸಿದಿದ್ದಾಗ ಕಲ್ಲನ್ನು ರೊಟ್ಟಿಯಾಗಿ ಮಾಡಲು ಕರ್ತನು ಒಪ್ಪಲಿಲ್ಲ. ದೇವಾಲಯದ ಶಿಖರದಿಂದ ಧುಮುಕಿ ಜನರನ್ನು ಬೆರಗುಗೊಳಿಸಲಿಲ್ಲ. ಫರಿಸಾಯರು ಆಕಾಶದಿಂದ ಒಂದು ಗುರುತನ್ನು ಕೇಳಿದಾಗ, ಮಾರ್ಕನು ಹೇಳುವಂತೆ, ಆತನು ನಿಟ್ಟುಸಿರುಬಿಟ್ಟು ದೋಣಿ ಹತ್ತಿ ಹೋದನು. ಹೆರೋದನಿಗೂ ಆತನಿಂದ ಒಂದು ಅದ್ಭುತವನ್ನು ನೋಡುವ ಆಶೆಯಿತ್ತು. ಅವನ ಮುಂದೆ ಕರ್ತನು ಬಾಯಿಯನ್ನೇ ತೆರೆಯಲಿಲ್ಲ. ಕೇಳಿದಾಗೆಲ್ಲಾ ಮಾಡಿ ತೋರಿಸುವವನು ಗಾರುಡಿಗನು. ಕೇಳಿದವರಿಗೆ ಇಲ್ಲವೆಂದವನ ಮಾತನ್ನು ಸ್ವಲ್ಪ ನಿಂತು ಕೇಳಬೇಕಾಗುವದು.

ಈಗ ವಿದ್ವಾಂಸರ ಆಕ್ಷೇಪಣೆಗೆ ಬರೋಣ. ಡೇವಿಡ್ ಹ್ಯೂಮ್ ಎಂಬ ಸ್ಕಾಟ್ಲೆಂಡ್ ದೇಶದ ತತ್ವಜ್ಞಾನಿಯು 1748ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದ್ಭುತಗಳ ವಿಷಯವಾಗಿ ಒಂದು ಪ್ರಕರಣವನ್ನು ಬರೆದನು. ಆ ಮೇಲೆ ಈ ವಿಷಯದಲ್ಲಿ ಬಂದ ವಾದಗಳೆಲ್ಲಾ ಅದರ ಸುತ್ತಲೇ ತಿರುಗುತ್ತವೆ. ಅವನ ಮಾತಿನ ಸಾರವೇನೆಂದರೆ: ಸತ್ತವನು ಏಳನೆಂಬದಕ್ಕೆ ಎಲ್ಲಾ ಕಾಲದ ಎಲ್ಲಾ ಜನರ ಅನುಭವವೇ ಸಾಕ್ಷಿ, ಎದ್ದನೆಂಬದಕ್ಕೆ ಕೆಲವರ ಬಾಯಿ ಮಾತ್ರ ಸಾಕ್ಷಿ. ಆ ಕೆಲವರು ಸುಳ್ಳು ಹೇಳುವದು ಇಲ್ಲವೆ ಮೋಸಹೋಗುವದು ಸತ್ತವನು ಏಳುವದಕ್ಕಿಂತಲೂ ದೊಡ್ಡ ಅದ್ಭುತವಾಗಿದ್ದ ಹೊರತು ಅವರನ್ನು ನಂಬಬಾರದು. ಈ ವಾದವನ್ನು ನಗೆಯಾಡಿ ತಳ್ಳಬಾರದು. ನೆರೆಯವನ ಪವಾಡದ ವಿಷಯವಾಗಿ ನಾವೂ ದಿನಾಲು ಹೀಗೆಯೇ ತರ್ಕಮಾಡುತ್ತೇವಲ್ಲವೆ?

ಆದರೆ ಅದೇ ಪ್ರಕರಣದಲ್ಲಿ ಹ್ಯೂಮನು ಒಬ್ಬ ಹಿಂದೂದೇಶದ ಅರಸನ ಮಾತನ್ನು ಎತ್ತುತ್ತಾನೆ. ಚಳಿದೇಶಗಳಲ್ಲಿ ನೀರು ಹೆಪ್ಪುಗಟ್ಟುವದೆಂದು ಮೊದಲಾಗಿ ಕೇಳಿದಾಗ ಆ ಅರಸನು ನಂಬಲಿಲ್ಲವಂತೆ. ಅವನು ನಂಬದಿದ್ದದ್ದು ಯುಕ್ತವೇ ಎಂದು ಹ್ಯೂಮನ ತೀರ್ಪು. ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಸೆಕೆಯಲ್ಲಿ ಬೇಯುವ ನಮಗೆ ಆ ಅರಸನ ಮೇಲೆ ಕನಿಕರ ಹುಟ್ಟುತ್ತದೆ. ನಾವು ಆಲಿಕಲ್ಲು ಮಳೆಯನ್ನು ಕಂಡವರು. ಆದರೂ ನದಿಯೇ ಕಲ್ಲಾಗಿ ಅದರ ಮೇಲೆ ಬಂಡಿ ಹೊಡೆಯುವರೆಂದರೆ, ಕಣ್ಣಾರೆ ಕಾಣದ ನಮ್ಮ ಅಜ್ಜಂದಿರು ತಲೆಯಾಡಿಸುತ್ತಿದ್ದರು. ಹುಮನಾಬಾದಿನ ದಾರಿಯಲ್ಲಿರುವ ನಮ್ಮ ಕಮಲಾಪುರದ ಬಾಳೆಹಣ್ಣನ್ನೇ ನೋಡಿರಿ. ಹಳದಿ ಬಾಳೆಯನ್ನು ಮಾತ್ರ ಕಂಡ ದೂರದೇಶದವನಿಗೆ, ನಮ್ಮಲ್ಲಿ ಕೆಂಪು ಸಿಪ್ಪೆಯ ಬಾಳೆ ಉಂಟೆಂದು ಕಾಗದ ಬರೆದರೆ ಅವನು ತನ್ನ ಅನುಭವವನ್ನು ನೋಡಿ ಅದನ್ನು ಸುಳ್ಳೆಂದು ಹರಿದುಹಾಕಬಹುದು. ಅವನ ತರ್ಕದಲ್ಲಿ ತಪ್ಪಿಲ್ಲ. ಹಣ್ಣು ಮಾತ್ರ ಕೆಂಪಾಗಿಯೇ ಇದೆ.

ಕೆಂಪು ಬಾಳೆಯೂ ಮಂಜುಗಡ್ಡೆಯೂ ಪ್ರಕೃತಿಯೊಳಗಿನವು, ಬೇಕಾದವನು ಪ್ರಯಾಣಮಾಡಿ ನೋಡಬಹುದು, ಪುನರುತ್ಥಾನವು ಹಾಗಲ್ಲವಲ್ಲಾ ಎಂದು ಯಾರಾದರೂ ಹೇಳಿದರೆ ಅದು ಸರಿಯಾದ ಮಾತೇ. ಈ ದೃಷ್ಟಾಂತದಿಂದ ಅದ್ಭುತವು ನಡೆಯಿತೆಂದು ಸಿದ್ಧವಾಗುವದಿಲ್ಲ. ನಮ್ಮ ಅನುಭವವು ಲೋಕದ ಗಡಿಯಲ್ಲವೆಂಬಷ್ಟು ಮಾತ್ರ ಸಿದ್ಧವಾಗುವದು. ಆ ಗಡಿಯಾಚೆಯ ಸುದ್ದಿಯನ್ನು ತರುವವನು ಎಂಥವನು, ಅವನಿಗೆ ಅದರಿಂದ ಏನು ಲಾಭ, ಅವನು ನೋಡಿದನೋ ಕೇಳಿದನೋ, ಇವೇ ಪ್ರಶ್ನೆಗಳು. ಮತ್ತು ಲೋಕವನ್ನು ಉಂಟುಮಾಡಿದ ದೇವರೊಬ್ಬನು ಇದ್ದಾನೆಂದು ಮೊದಲೇ ನಂಬಿದವನಿಗೂ ಇಲ್ಲವೆಂದು ನಿಶ್ಚಯಿಸಿದವನಿಗೂ ಅದೇ ಸಾಕ್ಷಿಯು ಒಂದೇ ತೂಕವಾಗಿ ಕಾಣುವದಿಲ್ಲ. ಇದನ್ನು ಎರಡು ಪಕ್ಷದವರೂ ಒಪ್ಪಿಕೊಂಡರೆ ಒಳ್ಳೇದು.

ಹ್ಯೂಮನ ಇನ್ನೊಂದು ಮಾತು ನಮ್ಮ ಹಳ್ಳಿಗಳಿಗೆ ಹೆಚ್ಚು ತಾಕುತ್ತದೆ. ಬೇರೆ ಬೇರೆ ಮತಗಳವರು ತಮ್ಮ ತಮ್ಮ ಅದ್ಭುತಗಳನ್ನು ಮುಂದಿಡುವದರಿಂದ ಒಬ್ಬರ ಸಾಕ್ಷಿಯು ಇನ್ನೊಬ್ಬರ ಸಾಕ್ಷಿಯನ್ನು ಕೆಡವುತ್ತದೆಂದು ಅವನು ಹೇಳಿದನು. ಗುಡಿ, ದರ್ಗಾ, ದೇವಾಲಯ ಮೂರೂ ಇರುವ ಊರಲ್ಲಿ ಮೂವರ ಸಾಕ್ಷಿಯೂ ಬಿದ್ದುಹೋಗಬೇಕಷ್ಟೆ. ಅದ್ಭುತವೇ ಮತದ ಮುದ್ರೆಯಾಗಿದ್ದರೆ ಈ ವಾದವು ನಿಲ್ಲುವದು. ಆದರೆ ಸತ್ಯವೇದವು ಹಾಗೆ ಕಲಿಸುವದಿಲ್ಲ. ಧರ್ಮೋಪದೇಶಕಾಂಡದ 13ನೇ ಅಧ್ಯಾಯದಲ್ಲಿ, ಒಬ್ಬ ಪ್ರವಾದಿಯು ಹೇಳಿದ ಗುರುತು ನಿಜವಾಗಿ ಸಂಭವಿಸಿದಾಗ್ಯೂ ಅವನು ಅನ್ಯದೇವರ ಕಡೆಗೆ ಕರೆದರೆ ಅವನಿಗೆ ಕಿವಿಗೊಡಬಾರದೆಂದಿದೆ. ಕರ್ತನ ಹೆಸರಿನಲ್ಲಿಯೇ ಮಹತ್ಕಾರ್ಯಗಳನ್ನು ಮಾಡಿದೆವೆಂದು ಹೇಳಿಕೊಂಡು ಬರುವವರಿಗೆ ಆತನು, ನಿಮ್ಮ ಗುರುತೇ ನನಗಿಲ್ಲವೆಂದು ಹೇಳುವ ದಿನದ ಮಾತು ಮತ್ತಾಯನ 7ನೇ ಅಧ್ಯಾಯದಲ್ಲಿದೆ. ಆದದರಿಂದ ಶರಣರ ಇಲ್ಲವೆ ಖ್ವಾಜಾ ಅವರ ಕಥೆಗಳೆಲ್ಲಾ ಸುಳ್ಳೆಂದು ತೋರಿಸುವ ಕೆಲಸ ಕ್ರೈಸ್ತನಿಗೆ ಕೊಡಲ್ಪಟ್ಟಿಲ್ಲ. ಹಸಿದವನಿಗೆ ದಾಸೋಹದಲ್ಲಿ ಅನ್ನ ಸಿಕ್ಕಿದ್ದು ಒಳ್ಳೇದೇ. ಅದಕ್ಕೆ ಪವಾಡದ ಸಾಕ್ಷಿಯೂ ಬೇಕಾಗಿಲ್ಲ.

ಹಾಗಾದರೆ ನಮ್ಮದು ಯಾವದರ ಮೇಲೆ ನಿಂತಿದೆ? ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೇ ಅಧ್ಯಾಯವನ್ನು ತೆಗೆಯಿರಿ. ಕರ್ತನ ಮರಣವಾಗಿ ಸುಮಾರು 25 ವರುಷಗಳಾದ ಮೇಲೆ ಬರೆದದ್ದು ಅದು. ಸುವಾರ್ತೆಗಳ ಪುಸ್ತಕಗಳಿಗಿಂತ ಮುಂಚಿನದೆಂದು ಪಂಡಿತರಲ್ಲಿ ಹೆಚ್ಚಿನವರ ಮತ. ಎದ್ದ ಕ್ರಿಸ್ತನನ್ನು ಕಂಡವರ ಹೆಸರುಗಳನ್ನು ಪೌಲನು ಅಲ್ಲಿ ಕೊಡುತ್ತಾನೆ. ಐನೂರಕ್ಕಿಂತ ಹೆಚ್ಚು ಸಹೋದರರ ಮಾತನ್ನು ಹೇಳಿ, ಅವರಲ್ಲಿ ಬಹುಜನರು ಇನ್ನೂ ಬದುಕಿದ್ದಾರೆಂದು ಕೂಡಿಸುತ್ತಾನೆ. ಬೇಕಾದವರು ಹೋಗಿ ಕೇಳಬಹುದೆಂಬ ಭಾವ ಅದರಲ್ಲಿದೆ. ಆ ಪಟ್ಟಿಯಲ್ಲಿ ಇಬ್ಬರನ್ನು ಗಮನಿಸಬೇಕು. ಒಬ್ಬನು ಯಾಕೋಬನು. ಕರ್ತನ ಸಹೋದರರು ಆತನನ್ನು ನಂಬದೆ ಇದ್ದರೆಂದು ಯೋಹಾನನೇ ಬರೆದಿದ್ದಾನೆ. ಈ ಯಾಕೋಬನು ಆ ಮೇಲೆ ಯೆರೂಸಲೇಮಿನ ಸಭೆಗೆ ಮುಂದಾಳಾಗಿ, ಸುಮಾರು 62ರಲ್ಲಿ ಕಲ್ಲೆಸೆದು ಕೊಲ್ಲಲ್ಪಟ್ಟನೆಂದು ಯೆಹೂದ್ಯ ಇತಿಹಾಸಗಾರನಾದ ಯೋಸೇಫನ ಗ್ರಂಥದಿಂದ ತಿಳಿಯುವದು. ಇನ್ನೊಬ್ಬನು ಪೌಲನೇ, ಅವನು ಸಭೆಯನ್ನು ಹಿಂಸೆಪಡಿಸಿದವನು.

ಸುವಾರ್ತೆ ಬರೆದವರು ಇನ್ನೊಂದು ಸಂಗತಿಯನ್ನು ಮರೆಮಾಡಲಿಲ್ಲ. ಬರಿದಾದ ಸಮಾಧಿಯ ಸುದ್ದಿಯನ್ನು ತಂದವರು ಹೆಂಗಸರು. ಅಪೊಸ್ತಲರು ಅದನ್ನು ಹರಟೆಯೆಂದು ತಿಳಿದು ನಂಬಲಿಲ್ಲವೆಂದು ಲೂಕನು ಬರೆಯುತ್ತಾನೆ. ಹೆಂಗಸರ ಸಾಕ್ಷಿಯನ್ನು ನ್ಯಾಯಸಭೆಯಲ್ಲಿ ತೆಗೆದುಕೊಳ್ಳಬಾರದೆಂದು ಅದೇ ಯೋಸೇಫನು ಬರೆದ ಕಾಲವದು. ಕಥೆ ಕಟ್ಟುವವನು ಮೊದಲನೆಯ ಸಾಕ್ಷಿಗಳಾಗಿ ಅವರನ್ನು ನಿಲ್ಲಿಸಿ, ಸಭೆಯ ಹಿರಿಯರನ್ನು ಮಂದಬುದ್ಧಿಯವರಾಗಿ ತೋರಿಸುವನೋ? ನಮ್ಮ ಊರುಗಳಲ್ಲಿ ಇಂದಿಗೂ ಮಹಾತ್ಮರ ಕಥೆ ಹೇಳುವವರು ಹೇಳುವವನನ್ನಾಗಲಿ ಶಿಷ್ಯರನ್ನಾಗಲಿ ಹೀಗೆ ನಗೆಗೀಡುಮಾಡುವದನ್ನು ನಾವು ಕೇಳಿಲ್ಲ.

ಇದರಿಂದ ವಾದವು ಮುಗಿಯಿತೆಂದು ನಾವು ಹೇಳುವದಿಲ್ಲ. ಒಬ್ಬನು ತನ್ನ ಮಾತಿಗಾಗಿ ಪ್ರಾಣಕೊಟ್ಟನೆಂದರೆ ಅವನು ಕಪಟಿಯಲ್ಲವೆಂದು ಗೊತ್ತಾಗುವದು; ಅವನು ಮೋಸಹೋಗಲಿಲ್ಲವೆಂದು ಗೊತ್ತಾಗುವದಿಲ್ಲ. ದುಃಖದಲ್ಲಿರುವವರು ಸತ್ತವರನ್ನು ಕಂಡೆವೆನ್ನುವದುಂಟು. ಆದರೂ ಬೇರೆ ಬೇರೆ ಕಾಲದಲ್ಲಿ, ಒಬ್ಬೊಬ್ಬರಾಗಿಯೂ ಗುಂಪಾಗಿಯೂ, ದುಃಖಪಟ್ಟವರೂ ಹಗೆಮಾಡಿದವರೂ ಒಂದೇ ಮಾತನ್ನು ಹೇಳಿ ಅದರಿಂದ ನಷ್ಟವನ್ನೇ ಹೊಂದಿದರೆಂಬದು ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ನಾವು ಈ ಒಂದು ಸಾಕ್ಷಿಯ ಮೇಲೆ ಭಾರಹಾಕುತ್ತೇವೆ. ನೀರು ದ್ರಾಕ್ಷಾರಸವಾದದ್ದನ್ನೂ ಸಮುದ್ರವು ಶಾಂತವಾದದ್ದನ್ನೂ ಎದ್ದವನ ನಿಮಿತ್ತವಾಗಿ ನಂಬುತ್ತೇವೆ. ಅವುಗಳಲ್ಲಿ ಒಂದೊಂದಕ್ಕೂ ಇಷ್ಟು ಸಾಕ್ಷಿ ಇಲ್ಲವೆಂದು ಒಪ್ಪಿಕೊಳ್ಳುವದರಲ್ಲಿ ಅವಮಾನವೇನೂ ಇಲ್ಲ.

ಇನ್ನು ಸೇರಿನ ಇನ್ನೊಂದು ಪಕ್ಕವನ್ನು ನೋಡಬೇಕು. ನೆರೆಯವರ ಪವಾಡವನ್ನು ಶೋಧಿಸುವ ನಾವು ನಮ್ಮ ಸಭೆಯಲ್ಲಿ ಈಗ ನಡೆಯಿತೆಂಬ ಅದ್ಭುತವನ್ನು ಶೋಧಿಸುತ್ತೇವೋ?

2019ನೇ ಡಿಸೆಂಬರ್ 26ರಲ್ಲಿ ಸೂರ್ಯಗ್ರಹಣವಾಯಿತು. ಅಂದು ಕಲಬುರಗಿಯ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲರಾದ ಮಕ್ಕಳನ್ನು ಅವರ ಮನೆಯವರು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿ ನಿಲ್ಲಿಸಿದರು. ಗ್ರಹಣಕಾಲದಲ್ಲಿ ಹೀಗೆ ಮಾಡಿದರೆ ಊನವು ಹೋಗುವದೆಂದು ಅವರ ನಂಬಿಕೆ. ಸುದ್ದಿಯು ದೇಶದ ಪತ್ರಿಕೆಗಳಲ್ಲೆಲ್ಲಾ ಅಚ್ಚಾಯಿತು. ಓದಿದವರು ಆ ಹಳ್ಳಿಯವರನ್ನು ಮೂಢರೆಂದರು. ನಾವು ಹಾಗನ್ನಲಾರೆವು. ಆ ಮಕ್ಕಳ ಮೇಲೆ ಪ್ರೀತಿಯಿಲ್ಲದವರು ಅಷ್ಟು ಕಷ್ಟಪಡುತ್ತಿದ್ದರೋ? ಆದರೂ ಪ್ರೀತಿಯೂ ನಂಬಿಕೆಯೂ ಕೂಡಿ ಮಗುವನ್ನು ಗುಂಡಿಯಲ್ಲಿ ನಿಲ್ಲಿಸಬಲ್ಲವೆಂದು ಕಂಡು ನಮಗೆ ನಡುಕ ಹುಟ್ಟಿತು. ನಮ್ಮವರಲ್ಲಿಯೂ ಪ್ರಾರ್ಥನೆಯ ಹೆಸರಿನಲ್ಲಿ ಇಂಥದು ನಡೆಯುವದಿಲ್ಲವೆಂದು ಯಾರು ಹೇಳಬಲ್ಲರು?

ಸುಳ್ಳು ಅದ್ಭುತಕ್ಕೆ ಕಪಟಿಯೇ ಬೇಕೆಂದು ತಿಳಿಯಬಾರದು. ಹೊಲದಲ್ಲಿ ಹಾವು ಕಚ್ಚಿತೆನ್ನಿರಿ. ನಮ್ಮ ನಾಡಿನ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವು ಕೂಡ ಕೆಲವು ಸಾರಿ ವಿಷವನ್ನು ಬಿಡದೆ ಕಚ್ಚುವದುಂಟು. ಆದದರಿಂದ ಮಂತ್ರಗಾರನ ಬಳಿಗೆ ಹೋದವರಲ್ಲಿ ಬಹುಜನರು ಬದುಕುತ್ತಾರೆ. ಬದುಕಿದವರು ಅವನ ಹೆಸರನ್ನು ಊರೂರಿಗೆ ಸಾರುತ್ತಾರೆ, ಸತ್ತವರು ಸಾರುವದಿಲ್ಲ. ಅವನು ತಾನೂ ತನ್ನ ಮಂತ್ರವನ್ನು ನಂಬಿಕೊಂಡಿರಬಹುದು. ಮಂತ್ರದ ಬದಲಾಗಿ ಪ್ರಾರ್ಥನೆಯನ್ನೂ ಮಂತ್ರಗಾರನ ಬದಲಾಗಿ ಉಪದೇಶಿಯನ್ನೂ ಇಟ್ಟರೆ ಲೆಕ್ಕವು ಬದಲಾಗುವದೋ?

ಕ್ಷಯರೋಗದ ವಿಷಯವು ಇನ್ನೂ ಸೂಕ್ಷ್ಮವಾದದ್ದು. ಸರಕಾರಿ ದವಾಖಾನೆಯಲ್ಲಿ ಬಿಟ್ಟಿಯಾಗಿ ಕೊಡುವ ಗುಳಿಗೆಗಳನ್ನು ಸಾಧಾರಣವಾಗಿ ಆರು ತಿಂಗಳು ತೆಗೆದುಕೊಳ್ಳಬೇಕು. ಎರಡನೆಯ ತಿಂಗಳ ಹೊತ್ತಿಗೆ ಜ್ವರ ಬಿಡುತ್ತದೆ, ಕೆಮ್ಮು ತಗ್ಗುತ್ತದೆ, ಅನ್ನ ಸೇರುತ್ತದೆ. ರೋಗಸ್ಥನು ಆ ಸಮಯದಲ್ಲಿ ಗುಣಪಡಿಸುವ ಕೂಟವೊಂದಕ್ಕೆ ಹೋದರೆ, ನಾನು ವಾಸಿಯಾದೆನೆಂದು ಎದ್ದು ನಿಂತು ಸಾಕ್ಷಿ ಹೇಳುತ್ತಾನೆ, ಸಭೆಯೆಲ್ಲಾ ಹಲ್ಲೆಲೂಯ ಅನ್ನುತ್ತದೆ, ಗುಳಿಗೆ ನಿಲ್ಲುತ್ತದೆ. ಒಳಗೆ ಉಳಿದ ರೋಗಾಣುಗಳು ಮತ್ತೆ ಬೆಳೆಯುತ್ತವೆ, ಆ ಔಷಧಕ್ಕೆ ಬಗ್ಗದಂಥವಾಗಿಯೂ ಮಾರ್ಪಡಬಹುದು. ಆಗ ರೋಗವು ಅವನ ಹೆಂಡತಿ ಮಕ್ಕಳಿಗೂ ತಗಲುವದು. ಸಾಕ್ಷಿ ಹೇಳಿದ ದಿವಸ ಅವನು ಸುಳ್ಳಾಡಲಿಲ್ಲ. ಅವನಿಗೆ ಗುಣವಾದಂತೆ ತೋರಿದ್ದು ನಿಜವೇ. ಅವನನ್ನು ಯಾರೂ ಏನನ್ನೂ ಕೇಳಲಿಲ್ಲವೆಂಬದೇ ಅಲ್ಲಿನ ದೋಷ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವದಕ್ಕೆ ಒಂದು ಸಮಿತಿಯನ್ನು ನೇಮಿಸಿ, ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರಗಳನ್ನು ಬರೆದರು. ಅವರು ಪರೀಕ್ಷೆಗೆ ಒಪ್ಪಲಿಲ್ಲ. ಆಗ ನಾಡಿನಲ್ಲಿ ದೊಡ್ಡ ಚರ್ಚೆಯೆದ್ದಿತು. ಅದಕ್ಕೂ ಮುಂಚೆ 1963ರಲ್ಲಿ ಸಿಂಹಳದಲ್ಲಿದ್ದ ಅಬ್ರಹಾಂ ಕೋವೂರ್ ಎಂಬವರು, ಮೋಸಕ್ಕೆ ಎಡೆಯಿಲ್ಲದ ರೀತಿಯಲ್ಲಿ ಪವಾಡವನ್ನು ಮಾಡಿ ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಕೊಡುವೆನೆಂದು ಸಾರಿದ್ದರು. ಆ ಕೋವೂರರು ಕೇರಳದ ಮಾರ್ತೋಮಾ ಸಭೆಯ ಒಬ್ಬ ಪಾದ್ರಿಯ ಮಗನು. ಇಂಥ ಪರೀಕ್ಷೆ ಅನ್ಯರ ಮನೆಯಲ್ಲಿ ನಡೆದರೆ ನಮ್ಮವರಿಗೆ ಸಂತೋಷ; ನಮ್ಮ ಬಾಗಿಲಿಗೆ ಬಂದರೆ ಅದು ಅವಿಶ್ವಾಸ. ಇದೇ ಎರಡು ಸೇರು.

ರೋಮನ್ ಸಭೆಯವರೊಡನೆ ನಮಗೆ ಅನೇಕ ವಿಷಯಗಳಲ್ಲಿ ಒಮ್ಮತವಿಲ್ಲ. ಆದರೂ ಫ್ರಾನ್ಸ್ ದೇಶದ ಲೂರ್ದಿನಲ್ಲಿ ಅವರು ಮಾಡಿರುವ ಏರ್ಪಾಡನ್ನು ಮೆಚ್ಚದೆ ಇರಲಾರೆವು. ಅಲ್ಲಿ 1883ರಿಂದ ವೈದ್ಯರ ಕಚೇರಿಯೊಂದುಂಟು. ಗುಣವಾದೆನೆಂದವನ ಹಿಂದಿನ ರೋಗದ ದಾಖಲೆ, ಈಗಿನ ಸ್ಥಿತಿ, ವರುಷಗಳು ಕಳೆದ ಮೇಲಿನ ಸ್ಥಿತಿ ಇವುಗಳನ್ನು ಪರೀಕ್ಷಿಸುತ್ತಾರೆ. 7,000ಕ್ಕೂ ಹೆಚ್ಚು ಜನರು ಹೇಳಿಕೊಂಡದ್ದರಲ್ಲಿ ಅವರ ಸಭೆಯು ಅದ್ಭುತವೆಂದು ಒಪ್ಪಿಕೊಂಡದ್ದು ಎಪ್ಪತ್ತು ಚಿಲ್ಲರೆ ಮಾತ್ರ. ಆ ಎಪ್ಪತ್ತರ ವಿಷಯದಲ್ಲಿಯೂ ವಾದವುಂಟು. ಅದಿರಲಿ, ಕೇಳುವದು ದೈವದ್ರೋಹವೆಂದು ಅವರು ತಿಳಿಯಲಿಲ್ಲ.

ಕರ್ತನೂ ಹಾಗೆ ತಿಳಿಯಲಿಲ್ಲವೆಂದು ತೋರಿಸಲು ಮಾರ್ಕನ ಮೊದಲನೆಯ ಅಧ್ಯಾಯವೇ ಸಾಕು. ಕುಷ್ಠರೋಗಿಯನ್ನು ಶುದ್ಧಮಾಡಿದ ಕೂಡಲೇ ಆತನು ಅವನಿಗೆ ಎರಡು ಮಾತು ಹೇಳಿದನು. ಯಾರಿಗೂ ಹೇಳಬೇಡವೆಂಬದು ಒಂದು. ಹೋಗಿ ಯಾಜಕನಿಗೆ ಮೈತೋರಿಸು ಎಂಬದು ಇನ್ನೊಂದು. ಆ ಕಾಲದಲ್ಲಿ ಕುಷ್ಠವು ಹೋಯಿತೋ ಇಲ್ಲವೋ ಎಂದು ನೋಡಿ ತೀರ್ಪುಕೊಡುವ ಅಧಿಕಾರವು ಯಾಜಕನಿಗಿತ್ತು. ಪರೀಕ್ಷೆಯ ಕ್ರಮವೆಲ್ಲಾ ಯಾಜಕಕಾಂಡದ 13 ಮತ್ತು 14ನೇ ಅಧ್ಯಾಯಗಳಲ್ಲಿದೆ, ಏಳು ದಿನ ಕಾದು ಮತ್ತೆ ನೋಡಬೇಕೆಂಬದೂ ಅಲ್ಲಿದೆ. ಕೆಲವು ಕೂಟಗಳಲ್ಲಿ ಇಂದು ಈ ಎರಡೂ ತಲೆಕೆಳಗಾಗಿವೆ: ಎಲ್ಲರಿಗೂ ಹೇಳುವದು ಮೊದಲು, ತೋರಿಸುವದು ಎಂದಿಗೂ ಇಲ್ಲ.

ಆದಕಾರಣ ಸಭೆಯಲ್ಲಿ ಯಾರಾದರೂ ಗುಣವಾದೆನೆಂದು ಹೇಳಿದರೆ ಹಿರಿಯರು ಸಂತೋಷಪಟ್ಟು ದೇವರನ್ನು ಸ್ತುತಿಸಲಿ. ಆ ಮೇಲೆ ಮೆಲ್ಲಗೆ ಕೇಳಲಿ. ರೋಗವು ಯಾವದೆಂದು ಡಾಕ್ಟರರು ಹೇಳಿದ್ದರು? ಗುಳಿಗೆ ತೆಗೆದುಕೊಳ್ಳುತ್ತಿದ್ದೆಯೋ? ಈಗಲೂ ತೆಗೆದುಕೊಳ್ಳುತ್ತಿರುವೆಯೋ? ಕಲಬುರಗಿಯ ದೊಡ್ಡ ದವಾಖಾನೆಗೆ ಮತ್ತೆ ಹೋಗಿ ತೋರಿಸಿದೆಯಾ? ಬೇಕಾದರೆ ಒಬ್ಬರು ಸಂಗಡ ಹೋಗಲಿ. ಔಷಧವನ್ನು ಬಿಟ್ಟರೆ ಮಾತ್ರ ನಂಬಿಕೆ ಎಂದು ಕಲಿಸುವವನು ಯಾವ ಊರಿಂದ ಬಂದರೂ ಅವನಿಗೆ ಮಂಚಿಕೆಯನ್ನು ಕೊಡಬಾರದು. ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯವನ್ನು ತಡೆದು ಮಂತ್ರತಂತ್ರ ಮಾಡುವದನ್ನು ಕರ್ನಾಟಕದ 2017ರ ಶಾಸನವೂ ನಿಷೇಧಿಸಿದೆ. ಆದರೆ ಕಾಯಿದೆಯ ಭಯದಿಂದಲೇ ಸತ್ಯವನ್ನು ಹೇಳಬೇಕಾದ ಸ್ಥಿತಿಗೆ ಸಭೆಯು ಬರಬಾರದು.

ಇದನ್ನೆಲ್ಲಾ ನಾವು ಒತ್ತಿ ಹೇಳುವದಕ್ಕೆ ಇನ್ನೊಂದು ಕಾರಣವುಂಟು. ಸಾಕ್ಷಿ ಹೇಳಿದವನ ಹಿಂದೆ, ಚಾಪೆಯ ಕೊನೆಯಲ್ಲಿ, ಗುಣವಾಗದವಳೊಬ್ಬಳು ಕೂತಿರುತ್ತಾಳೆ. ಅವಳೂ ಪ್ರಾರ್ಥಿಸಿದಳು, ಉಪವಾಸವಿದ್ದಳು, ಹತ್ತು ಮೈಲು ನಡೆದು ಕೂಟಕ್ಕೆ ಹೋದಳು. ಶೋಧಿಸದ ಅದ್ಭುತವೊಂದೊಂದನ್ನು ಕೇಳುವಾಗಲೂ ಅವಳು, ನನ್ನ ನಂಬಿಕೆಯೇ ಕಡಿಮೆಯೆಂದು ತನ್ನ ಎದೆಯನ್ನು ಬಡಿದುಕೊಳ್ಳುತ್ತಾಳೆ. ಅವಳಿಗೆ ಪೌಲನ ಕಥೆಯನ್ನು ಹೇಳಬೇಕು. ಅವನ ಕೈಯಿಂದ ಅನೇಕರು ಗುಣಹೊಂದಿದರೆಂದು ಅಪೊಸ್ತಲರ ಕೃತ್ಯಗಳಲ್ಲಿ ಬರೆದದೆ. ಅವನೇ ತನ್ನ ಶರೀರದಲ್ಲಿದ್ದ ಶೂಲವು ಹೋಗಲೆಂದು ಮೂರಾವರ್ತಿ ಬೇಡಿದನು, ಅದು ಹೋಗಲಿಲ್ಲ. ತಿಮೊಥೆಯನ ಹೊಟ್ಟೆಯ ಬೇನೆಗೆ ಸ್ವಲ್ಪ ದ್ರಾಕ್ಷಾರಸವನ್ನು ತೆಗೆದುಕೊಳ್ಳೆಂದು ಮನೆಮದ್ದು ಹೇಳಿದನು. ಅವನ ಸಂಗಡ ಪ್ರಯಾಣಮಾಡಿದ ತ್ರೊಫಿಮನೆಂಬವನು ದಾರಿಯಲ್ಲಿ ರೋಗಬಿದ್ದನು. ಪೌಲನು ತನ್ನ ಪತ್ರಿಕೆಯ ಕೊನೆಯಲ್ಲಿ, ಅವನನ್ನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟುಬಂದೆನೆಂದು ಅರ್ಧ ಸಾಲಿನಲ್ಲಿ ತಿಳಿಸಿ, ಚಳಿಗಾಲಕ್ಕೆ ಮುಂಚೆ ನೀನು ಬಾ ಎಂದು ತಿಮೊಥೆಯನನ್ನು ಕರೆಯುತ್ತಾನೆ. ತ್ರೊಫಿಮನು ಆ ಮೇಲೆ ಎದ್ದನೋ ಇಲ್ಲವೋ, ಅವನ ನಂಬಿಕೆ ಎಷ್ಟಿತ್ತೋ, ಒಂದನ್ನೂ ಬರೆಯುವದಿಲ್ಲ.